ಒಡೆಯನಿಲ್ಲದ ಹಿಮನಾಡಿಗೆ ಐಷಾರಾಮಿ ಹಡಗು: ಬೇಡ ಎನ್ನುವ ಅಧಿಕಾರ ಯಾರಿಗಿದೆ?

ಧ್ರುವ ಪ್ರದೇಶಗಳ ಪ್ರವಾಸದ ಬಗ್ಗೆ ಈಚೆಗೆ ಬರುತ್ತಿರುವ ಸುದ್ದಿಗಳು ಒಂದಕ್ಕೊಂದು ತಾಳೆಯಾಗುತ್ತಿಲ್ಲ. ದಕ್ಷಿಣ ಅಮೆರಿಕದ ತುದಿಯಿಂದ ಹೊರಟು ಅಂಟಾರ್ಕ್ಟಿಕ ಹಾಗೂ ದಕ್ಷಿಣ ಅಟ್ಲಾಂಟಿಕ್ ಸಾಗರದ ದ್ವೀಪಗಳಾದ ಸೌತ್ ಜಾರ್ಜಿಯಾ, ಟ್ರಿಸ್ಟನ್ ಡ ಕುನ್ಹಾ, ಸೇಂಟ್ ಹೆಲೆನಾಗಳನ್ನು ಮುಟ್ಟಿಕೊಂಡು ಹೋಗುವ ವಾರಗಟ್ಟಲೆಯ ಐಷಾರಾಮಿ ಯಾನಗಳಿಗೆ ಜನ ಹತ್ತಾರು ಸಾವಿರ ಡಾಲರ್ ಕೊಟ್ಟು ಟಿಕೆಟ್ ಕೊಳ್ಳುತ್ತಿದ್ದಾರೆ. ಅದೇ ಹೊತ್ತಿಗೆ, 2024ರ ಮೇ ತಿಂಗಳಲ್ಲಿ ಕೊಚ್ಚಿಯಲ್ಲಿ ಸೇರಿದ್ದ ಅಂಟಾರ್ಕ್ಟಿಕ ಒಪ್ಪಂದದ ರಾಷ್ಟ್ರಗಳು ಪ್ರವಾಸಕ್ಕೆ ಸಮಗ್ರ ಚೌಕಟ್ಟು ರೂಪಿಸುವ ಕೆಲಸಕ್ಕೆ ಕೈಹಾಕಿದವು ಎಂಬ ಸುದ್ದಿ ಬಂತು. 2025ರ ಜನವರಿ 1ರಿಂದ ನಾರ್ವೆ ಉತ್ತರ ಧ್ರುವದ ಕಡೆಗಿರುವ ತನ್ನ ಸ್ವಾಲ್ಬಾರ್ಡ್ ದ್ವೀಪಸಮೂಹದಲ್ಲಿ ಪ್ರವಾಸಿ ಹಡಗುಗಳಿಗೆ ಬಿಗಿ ನಿಯಮ ತಂದಿತು. ಇದನ್ನು ಓದಿದ ಕೆಲವರು ಧ್ರುವ ಪ್ರವಾಸವೇ ನಿಷೇಧವಾಯಿತು ಎಂದುಕೊಂಡರು. ಹಡಗುಗಳು ಮಾತ್ರ ಹೋಗುತ್ತಲೇ ಇವೆ.

ಹಾಗಾದರೆ ನಿಯಮ ಬಂದಿದೆಯೋ, ಬರಲಿದೆಯೋ? ಎಲ್ಲರೂ ಕಳವಳ ಪಡುತ್ತಿದ್ದರೆ ಸಂಖ್ಯೆ ಏರುತ್ತಿರುವುದು ಹೇಗೆ? ಗೊಂದಲದ ಬೇರು ಇರುವುದು ಇಲ್ಲಿ: ಇಂಥ ಹಡಗು ಒಂದೇ ಯಾನದಲ್ಲಿ ಎರಡು ಬಗೆಯ ನೆಲವನ್ನು ಮುಟ್ಟುತ್ತದೆ. ಕೆಲವು ದ್ವೀಪಗಳಿಗೆ ಒಡೆಯರಿದ್ದಾರೆ. ಅವರು ಬೇಡ ಎಂದರೆ ಹಡಗು ತಿರುಗಬೇಕು. ಅಂಟಾರ್ಕ್ಟಿಕಕ್ಕೆ ಒಡೆಯರಿಲ್ಲ. ಅಲ್ಲಿ ಎಲ್ಲರಿಗೂ ಅನ್ವಯಿಸುವಂತೆ ಬೇಡ ಎನ್ನಬೇಕಾದರೆ ಒಪ್ಪಂದದಲ್ಲಿ ನಿರ್ಧಾರದ ಅಧಿಕಾರವಿರುವ 29 ದೇಶಗಳು ಒಂದೇ ದನಿಯಲ್ಲಿ ಹೇಳಬೇಕು.

ಹಡಗಿಗೆ ವರ್ಷಕ್ಕೆ ಎರಡು ಬೇಸಿಗೆ

ಈ ಉದ್ಯಮದ ಭಾಷೆಯಲ್ಲಿ ಇದಕ್ಕೆ ಎಕ್ಸ್‌ಪೆಡಿಷನ್ ಕ್ರೂಸ್ ಎನ್ನುತ್ತಾರೆ. 1966ರಲ್ಲಿ ಲಾರ್ಸ್-ಎರಿಕ್ ಲಿಂಡ್‌ಬ್ಲಾಡ್ ಎಂಬ ಪ್ರವಾಸ ಉದ್ಯಮಿ ಸಾಮಾನ್ಯ ಪ್ರಯಾಣಿಕರನ್ನು ಅಂಟಾರ್ಕ್ಟಿಕಕ್ಕೆ ಕರೆದೊಯ್ದರು. 1969ರಲ್ಲಿ ಅದಕ್ಕೆಂದೇ ಕಟ್ಟಿದ ಹಡಗು 'ಲಿಂಡ್‌ಬ್ಲಾಡ್ ಎಕ್ಸ್‌ಪ್ಲೋರರ್' ನೀರಿಗಿಳಿಯಿತು. ಇಂದಿನ ಇಂಥ ಹಡಗುಗಳೆಲ್ಲ ಅದೇ ಮಾದರಿಯ ಮುಂದುವರಿಕೆ: ಮಂಜುಗಡ್ಡೆಯನ್ನು ತಾಳಿಕೊಳ್ಳುವ ಒಡಲು, ನೂರಿನ್ನೂರು ಪ್ರಯಾಣಿಕರು, ಜೊತೆಗೆ ಪಕ್ಷಿತಜ್ಞರು, ಭೂವಿಜ್ಞಾನಿಗಳು, ಮತ್ತು ದಡಕ್ಕೆ ಕರೆದೊಯ್ಯಲು ಜೋಡಿಯಾಕ್ ಎಂಬ ರಬ್ಬರ್ ದೋಣಿಗಳು.

ಆ ರಬ್ಬರ್ ದೋಣಿಯೇ ಇಡೀ ಕಥೆಯ ಕೀಲಿ. ದೊಡ್ಡ ಕ್ರೂಸ್ ಹಡಗಿಗೆ ಬಂದರು ಬೇಕು. ಬಂದರಿರುವ ಊರು ದಿನಕ್ಕೆ ಎಷ್ಟು ಹಡಗು, ಎಷ್ಟು ಜನ ಎಂದು ಮಿತಿ ಹಾಕಬಹುದು, ಶುಲ್ಕ ಏರಿಸಬಹುದು. ಜೋಡಿಯಾಕ್ ಇರುವ ಹಡಗಿಗೆ ಬಂದರೇ ಬೇಡ. ಹತ್ತು ಜನರನ್ನು ಕೂರಿಸಿಕೊಂಡು ಯಾವ ಕಲ್ಲುದಂಡೆಗೆ ಬೇಕಾದರೂ ಹೋಗಿ ಇಳಿಸುತ್ತದೆ. ಬಾಗಿಲೇ ಇಲ್ಲದ ಮನೆಗೆ ಬೀಗ ಹಾಕುವುದು ಹೇಗೆ ಎಂಬ ಪ್ರಶ್ನೆ ಹುಟ್ಟಿದ್ದು ಅಲ್ಲಿಂದ.

ದೀರ್ಘ ಯಾನಗಳ ಹಿಂದೆ ಇನ್ನೊಂದು ಲೆಕ್ಕವೂ ಇದೆ. ದಕ್ಷಿಣದ ಬೇಸಿಗೆ ನವೆಂಬರ್‌ನಿಂದ ಮಾರ್ಚ್‌ವರೆಗೆ. ಆಗ ಈ ಹಡಗುಗಳು ಅಂಟಾರ್ಕ್ಟಿಕದಲ್ಲಿ ದುಡಿಯುತ್ತವೆ. ಉತ್ತರದ ಬೇಸಿಗೆ ಸುಮಾರು ಮೇ ಕೊನೆಯಿಂದ ಸೆಪ್ಟೆಂಬರ್‌ವರೆಗೆ. ಆಗ ಅವು ಸ್ವಾಲ್ಬಾರ್ಡ್, ಗ್ರೀನ್‌ಲ್ಯಾಂಡ್ ಕಡೆ ಇರಬೇಕು. ನಡುವೆ ಭೂಮಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ಹಡಗು ಸಾಗಬೇಕು. ಖಾಲಿ ಓಡಿಸಿದರೆ ಇಂಧನ, ಸಿಬ್ಬಂದಿ, ಸಮಯ ಎಲ್ಲವೂ ನಷ್ಟ. ಲಾರಿಯವರು ರಿಟರ್ನ್ ಲೋಡ್ ಹುಡುಕುವಂತೆ, ಕಂಪನಿಗಳು ಈ ಸ್ಥಳಾಂತರವನ್ನೇ 'ಅಪರೂಪದ ದ್ವೀಪಗಳ ಮಹಾಯಾನ' ಎಂದು ಮಾರತೊಡಗಿದವು. ದಿನಂಪ್ರತಿ ಯಾರೂ ಬಾರದ ಟ್ರಿಸ್ಟನ್ ಡ ಕುನ್ಹಾದಂಥ ದ್ವೀಪಗಳು ನಕ್ಷೆಯ ಅಂಚಿನಿಂದ ಪ್ರವಾಸದ ಪಟ್ಟಿಗೆ ಬಂದದ್ದರಲ್ಲಿ ಈ ಲೆಕ್ಕದ ಪಾಲು ದೊಡ್ಡದು.

ಖಂಡ ದೊಡ್ಡದು, ಕಾಲಿಡುವ ಜಾಗ ಚಿಕ್ಕದು

1990ರ ದಶಕದ ಆರಂಭದಲ್ಲಿ ಒಂದು ಋತುವಿಗೆ ಅಂಟಾರ್ಕ್ಟಿಕಕ್ಕೆ ಹೋಗುತ್ತಿದ್ದ ಪ್ರವಾಸಿಗರು ಹತ್ತು ಸಾವಿರಕ್ಕಿಂತ ಕಡಿಮೆ. 2023-24ರ ಋತುವಿನಲ್ಲಿ ಸುಮಾರು 1,22,000 ಜನ ಹೋದರು. ಇವರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಮಂದಿ ದೊಡ್ಡ ಹಡಗುಗಳ ಮೇಲಿಂದಲೇ ನೋಡಿ ಹಿಂತಿರುಗಿದವರು. ಉಳಿದವರು ದಡಕ್ಕೆ ಕಾಲಿಟ್ಟವರು.

ಸುಮಾರು 1.4 ಕೋಟಿ ಚದರ ಕಿಲೋಮೀಟರ್ ವಿಸ್ತಾರದ ಖಂಡಕ್ಕೆ ಈ ಜನ ಯಾವ ಲೆಕ್ಕ ಎಂದು ಯಾರಿಗಾದರೂ ಅನಿಸಬಹುದು. ಉದ್ಯಮದವರು ಈ ಮಾತನ್ನು ಪದೇ ಪದೇ ಆಡುತ್ತಾರೆ. ಆದರೆ ಪ್ರವಾಸಿಗರು ಖಂಡದ ತುಂಬ ಹರಡಿಕೊಳ್ಳುವುದಿಲ್ಲ. ಬಹುಪಾಲು ಹಡಗುಗಳು ಅರ್ಜೆಂಟೀನಾದ ಉಶುವಾಯಾದಿಂದ ಹೊರಟು, ಡ್ರೇಕ್ ಪ್ಯಾಸೇಜ್ ಎಂಬ ಒರಟು ಕಡಲನ್ನು ಸುಮಾರು ಎರಡು ದಿನಗಳಲ್ಲಿ ದಾಟಿ, ಅಂಟಾರ್ಕ್ಟಿಕ ಪರ್ಯಾಯದ್ವೀಪದ ಪಶ್ಚಿಮ ಕರಾವಳಿಗೆ ಬರುತ್ತವೆ. ಖಂಡದಲ್ಲಿ ಹಿಮವಿಲ್ಲದ ನೆಲ ಶೇ 1ಕ್ಕೂ ಕಡಿಮೆ. ಪೆಂಗ್ವಿನ್ ಗೂಡು ಕಟ್ಟಲು ಬರಿಗಲ್ಲಿನ ನೆಲ ಬೇಕು, ಕಡಲಿಗೆ ಸುಲಭ ದಾರಿ ಬೇಕು. ದೋಣಿ ನಿಲ್ಲಿಸಲು ಬೇಕಾದದ್ದೂ ಅದೇ ಬಗೆಯ ದಂಡೆ. ಹೀಗಾಗಿ ಹಕ್ಕಿಗೂ ಪ್ರವಾಸಿಗೂ ಪೈಪೋಟಿ ಬೀಳುವುದು ಅದೇ ಅಂಗೈಯಗಲದ ಜಾಗಕ್ಕೆ. ಕವರ್‌ವಿಲ್ ದ್ವೀಪ, ನೆಕೊ ಹಾರ್ಬರ್, ಹಾಫ್ ಮೂನ್ ದ್ವೀಪ, ಡಿಸೆಪ್ಷನ್ ದ್ವೀಪದ ವೇಲರ್ಸ್ ಬೇ, ಪೋರ್ಟ್ ಲಾಕ್‌ರಾಯ್ ಮುಂತಾದ ಬೆರಳೆಣಿಕೆಯ ತಾಣಗಳ ಮೇಲೆ ಒತ್ತಡವೆಲ್ಲ ಬೀಳುತ್ತದೆ.

ಈ ಒತ್ತಡದಿಂದ ಪೆಂಗ್ವಿನ್‌ಗಳಿಗೆ ಹಾನಿಯಾಗಿದೆಯೇ? ಇದಕ್ಕೆ ನೇರವಾದ ಉತ್ತರ ಸಿಗುವುದಿಲ್ಲ. ಪೋರ್ಟ್ ಲಾಕ್‌ರಾಯ್‌ನಲ್ಲಿ ಪುಟ್ಟ ದ್ವೀಪದ ಒಂದು ಭಾಗವನ್ನು ಪ್ರವಾಸಿಗರಿಗೆ ಮುಚ್ಚಿ, ಇನ್ನೊಂದನ್ನು ತೆರೆದಿಟ್ಟು, ಜೆಂಟೂ ಪೆಂಗ್ವಿನ್‌ಗಳ ಸಂತಾನವನ್ನು ವರ್ಷಗಳ ಕಾಲ ಎಣಿಸಿದ್ದಾರೆ. ಎರಡರ ನಡುವೆ ದೊಡ್ಡ ವ್ಯತ್ಯಾಸ ಕಂಡುಬಂದಿಲ್ಲ. ಆದರೆ ಇದೇ ಪರ್ಯಾಯದ್ವೀಪದಲ್ಲಿ ತಾಪ ಏರುತ್ತಿದೆ, ಕ್ರಿಲ್ ಸಿಗಡಿಯ ಮೀನುಗಾರಿಕೆ ನಡೆಯುತ್ತಿದೆ, ಅಡೆಲಿ ಪೆಂಗ್ವಿನ್‌ಗಳು ಕಡಿಮೆಯಾಗಿ ಜೆಂಟೂಗಳು ಹೆಚ್ಚುತ್ತಿವೆ. ಯಾವ ಕಾರಣಕ್ಕೆ ಎಷ್ಟು ಪಾಲು ಎಂದು ಬಿಡಿಸುವುದು ವಿಜ್ಞಾನಿಗಳಿಗೂ ಕಷ್ಟ. ಆ ಕಷ್ಟವೇ ರಾಜಕೀಯದಲ್ಲಿ ನೆಪವಾಗುತ್ತದೆ: ಹಾನಿ ಸಾಬೀತಾಗಿಲ್ಲ, ಆದ್ದರಿಂದ ಮಿತಿ ಈಗಲೇ ಬೇಡ.

ಅನುಮತಿ ಕೊಡುವ ವಿಧಾನದಲ್ಲೂ ಒಂದು ದೋಷವಿದೆ. ಪ್ರತಿ ಸಂಸ್ಥೆ ತನ್ನ ಯಾನದಿಂದಾಗುವ ಪರಿಸರ ಪರಿಣಾಮವನ್ನು ಅಂದಾಜಿಸಿ ತನ್ನ ದೇಶಕ್ಕೆ ವರದಿ ಕೊಡುತ್ತದೆ. ಬಿಡಿಬಿಡಿಯಾಗಿ ನೋಡಿದರೆ ಪ್ರತಿಯೊಂದು ಯಾನದ ಪರಿಣಾಮವೂ 'ಅಲ್ಪ, ತಾತ್ಕಾಲಿಕ' ಎಂದೇ ಕಾಣುತ್ತದೆ. ಹನಿ ಹನಿ ಕೂಡಿದರೆ ಹಳ್ಳ ಎನ್ನುತ್ತೇವೆ. ಇಲ್ಲಿ ಹನಿಗಳನ್ನು ಬೇರೆ ಬೇರೆ ದೇಶಗಳ ಕಚೇರಿಗಳಲ್ಲಿ ಅಳೆಯಲಾಗುತ್ತಿದೆ, ಹಳ್ಳವನ್ನು ಅಳೆಯುವ ಹೊಣೆ ಯಾರ ಮೇಲೂ ಸರಿಯಾಗಿ ಬಿದ್ದಿಲ್ಲ.

ಯಾರದೂ ಅಲ್ಲದ ನೆಲದ ಆಡಳಿತ

1959ರ ಡಿಸೆಂಬರ್ 1ರಂದು ವಾಷಿಂಗ್ಟನ್‌ನಲ್ಲಿ 12 ದೇಶಗಳು ಅಂಟಾರ್ಕ್ಟಿಕ ಒಪ್ಪಂದಕ್ಕೆ ಸಹಿ ಹಾಕಿದವು. 1961ರಲ್ಲಿ ಅದು ಜಾರಿಗೆ ಬಂತು. ಅರ್ಜೆಂಟೀನಾ, ಆಸ್ಟ್ರೇಲಿಯಾ, ಚಿಲಿ, ಫ್ರಾನ್ಸ್, ನ್ಯೂಜಿಲೆಂಡ್, ನಾರ್ವೆ, ಬ್ರಿಟನ್ ಈ ಏಳು ದೇಶಗಳು ಖಂಡದ ಭಾಗಗಳು ತಮ್ಮವೆಂದು ಹೇಳಿಕೊಂಡಿದ್ದವು. ಒಪ್ಪಂದ ಆ ಹಕ್ಕುಗಳನ್ನು ಒಪ್ಪಲೂ ಇಲ್ಲ, ತಳ್ಳಿಹಾಕಲೂ ಇಲ್ಲ, ಇದ್ದಲ್ಲೇ ಹೆಪ್ಪುಗಟ್ಟಿಸಿತು. ಸೇನಾ ಚಟುವಟಿಕೆ ಬೇಡ, ವಿಜ್ಞಾನಕ್ಕೆ ಮುಕ್ತ ಅವಕಾಶ ಎಂಬುದು ಅದರ ತಿರುಳು. ಶೀತಲ ಸಮರದ ದಿನಗಳಲ್ಲಿ ಅದು ನಿಜಕ್ಕೂ ದೊಡ್ಡ ಸಾಧನೆ. ಆದರೆ ಒಪ್ಪಂದ ಬರೆಯುವಾಗ ಪ್ರವಾಸಿಗರು ಯಾರ ಕಣ್ಣಮುಂದೆಯೂ ಇರಲಿಲ್ಲ. ಒಪ್ಪಂದಕ್ಕೆ ಪೂರಕವಾಗಿ ಬಂದ 1991ರ ಮ್ಯಾಡ್ರಿಡ್ ಪ್ರೋಟೊಕಾಲ್ ಗಣಿಗಾರಿಕೆಯನ್ನು ನಿಷೇಧಿಸಿ ಪರಿಸರ ರಕ್ಷಣೆಗೆ ಬಲ ಕೊಟ್ಟಿತು. ಪ್ರವಾಸಿಗರ ಸಂಖ್ಯೆಗೆ ಅದೂ ಮಿತಿ ಹಾಕಲಿಲ್ಲ.

ಇಂದು ನಿರ್ಧಾರದ ಅಧಿಕಾರವಿರುವ, ಸಮಾಲೋಚಕ ಎಂದು ಕರೆಯುವ ದೇಶಗಳು 29. ಭಾರತ 1983ರಿಂದ ಅವುಗಳಲ್ಲೊಂದು. ಇಲ್ಲಿ ಬಹುಮತದ ಮಾತೇ ಇಲ್ಲ, ಎಲ್ಲರೂ ಒಪ್ಪಬೇಕು. ಒಬ್ಬರು ತಲೆ ಅಡ್ಡ ಆಡಿಸಿದರೂ ಪ್ರಸ್ತಾವ ಅಲ್ಲಿಗೇ ನಿಲ್ಲುತ್ತದೆ. ಎಲ್ಲರ ಹಿತವೂ ಒಂದೇ ಅಲ್ಲ. ಉಶುವಾಯಾದಿಂದ ಹೊರಡುವ ಪ್ರತಿ ಹಡಗಿನಿಂದ ಅರ್ಜೆಂಟೀನಾಕ್ಕೆ, ಪುಂಟಾ ಅರೇನಾಸ್‌ನಿಂದ ಹೊರಡುವುದರಿಂದ ಚಿಲಿಗೆ ಸಂಪಾದನೆಯಿದೆ. ಯುರೋಪಿನ ಕೆಲವು ದೇಶಗಳಿಗೆ ಪರಿಸರದ ಚಿಂತೆ ಹೆಚ್ಚು. ಅವುಗಳ ಕಂಪನಿಗಳೇ ಹಡಗು ಓಡಿಸುವುದೂ ನಿಜ. ಎತ್ತು ಏರಿಗೆ, ಕೋಣ ನೀರಿಗೆ.

ಇನ್ನೂ ಸೂಕ್ಷ್ಮವಾದ ತೊಡಕೊಂದಿದೆ. ಪ್ರವಾಸಿಗರು ಹೆಚ್ಚಾಗಿ ಹೋಗುವ ಪರ್ಯಾಯದ್ವೀಪದ ಮೇಲೆಯೇ ಅರ್ಜೆಂಟೀನಾ, ಚಿಲಿ, ಬ್ರಿಟನ್ ಮೂರೂ ಹಕ್ಕು ಹೇಳಿಕೊಂಡಿವೆ. ಅಲ್ಲಿ ಯಾರಾದರೂ ಒಂದು ದೇಶ ಅಧಿಕಾರಿಯನ್ನು ನಿಲ್ಲಿಸಿ ಹಡಗು ತಪಾಸಣೆಗೆ ಇಳಿದರೆ, ಉಳಿದೆರಡು ಅದನ್ನು ಒಡೆತನದ ಪ್ರದರ್ಶನವೆಂದೇ ನೋಡುತ್ತವೆ. ಪ್ರವೇಶ ಶುಲ್ಕ ಎತ್ತುವುದಾದರೆ ಹಣ ಯಾರ ಖಜಾನೆಗೆ ಎಂಬ ಪ್ರಶ್ನೆ. ಪ್ರವಾಸದ ನಿಯಮ ಎಂದು ಶುರುವಾದ ಮಾತು ಬೇಗನೆ ಗಡಿಯ ಮಾತಾಗಿಬಿಡುತ್ತದೆ.

2009ರ ನಿಯಮ ಎಲ್ಲಿ ಸಿಕ್ಕಿಕೊಂಡಿದೆ?

ಓದುಗರಿಗೆ ಅತಿ ಹೆಚ್ಚು ಗೊಂದಲ ಹುಟ್ಟಿಸುವ ಸಂಗತಿ ಇದು. 2009ರಲ್ಲಿ ಒಪ್ಪಂದದ ಸಭೆ 'ಮೆಷರ್ 15' ಎಂಬ ನಿಯಮವನ್ನು ಅಂಗೀಕರಿಸಿತು. 500ಕ್ಕಿಂತ ಹೆಚ್ಚು ಪ್ರಯಾಣಿಕರಿರುವ ಹಡಗು ಯಾರನ್ನೂ ದಡಕ್ಕೆ ಇಳಿಸಬಾರದು; ಒಂದು ತಾಣದಲ್ಲಿ ಒಂದು ಹೊತ್ತಿಗೆ ಒಂದೇ ಹಡಗು; ದಡದ ಮೇಲೆ ಒಮ್ಮೆಗೆ 100 ಪ್ರಯಾಣಿಕರು ಮಾತ್ರ; 20 ಜನರಿಗೆ ಕನಿಷ್ಠ ಒಬ್ಬ ಮಾರ್ಗದರ್ಶಿ. ಸಭೆಯಲ್ಲಿ ಎಲ್ಲರೂ ಒಪ್ಪಿದ ಮಾತಿದು. ಆದರೆ ಅಂಗೀಕಾರ ಬೇರೆ, ಜಾರಿ ಬೇರೆ. ಸಮಾಲೋಚಕ ರಾಷ್ಟ್ರಗಳೆಲ್ಲ ತಮ್ಮ ತಮ್ಮ ದೇಶದಲ್ಲಿ ಅದಕ್ಕೆ ಅನುಮೋದನೆ ಕೊಟ್ಟು ತಿಳಿಸುವವರೆಗೆ ಅದು ಕಾನೂನಾಗುವುದಿಲ್ಲ. ಒಂದೂವರೆ ದಶಕ ಕಳೆದರೂ ಆ ಸುತ್ತು ಮುಗಿದಿಲ್ಲ. ಪ್ರವಾಸ ಸಂಸ್ಥೆಗಳು ವಿಮೆ ಮತ್ತು ತುರ್ತು ಯೋಜನೆ ಇಟ್ಟುಕೊಂಡಿರಬೇಕೆಂಬ 2004ರ ನಿಯಮಕ್ಕೂ, ಪರಿಸರ ಅವಘಡಕ್ಕೆ ಯಾರು ಹೊಣೆ ಎಂದು ಹೇಳುವ 2005ರ ಅನುಬಂಧಕ್ಕೂ ಇದೇ ಗತಿ.

ಇದಕ್ಕೆ ಹೋಲಿಸಿ ನೋಡಬೇಕಾದದ್ದು ಇಂಧನದ ನಿಯಮ. ಹಡಗುಗಳು ಬಳಸುವ ದಪ್ಪ, ಅಗ್ಗದ ಹೆವಿ ಫ್ಯೂಯಲ್ ಆಯಿಲ್ ತಣ್ಣನೆಯ ನೀರಿಗೆ ಚೆಲ್ಲಿದರೆ ಕರಗದೆ ವರ್ಷಗಟ್ಟಲೆ ಅಂಟಿಕೊಂಡಿರುತ್ತದೆ. ಅಂಟಾರ್ಕ್ಟಿಕ ಸಾಗರದಲ್ಲಿ ಅದನ್ನು ಬಳಸುವುದಿರಲಿ, ಹೊತ್ತು ಸಾಗುವುದನ್ನೂ 2011ರ ಆಗಸ್ಟ್ 1ರಿಂದ ನಿಷೇಧಿಸಲಾಯಿತು. ಈ ನಿಯಮ ಬಂದದ್ದು ಅಂತರರಾಷ್ಟ್ರೀಯ ಸಾಗರ ಸಂಸ್ಥೆ, ಅಂದರೆ ಐಎಂಒ ಮೂಲಕ. ಅಲ್ಲಿ ಪದ್ಧತಿ ತಲೆಕೆಳಗು: ನಿಗದಿತ ಗಡುವಿನೊಳಗೆ ಸಾಕಷ್ಟು ದೇಶಗಳು ಆಕ್ಷೇಪ ಎತ್ತದಿದ್ದರೆ ತಿದ್ದುಪಡಿ ತಾನಾಗಿಯೇ ಜಾರಿಯಾಗುತ್ತದೆ. ಅಂಟಾರ್ಕ್ಟಿಕ ಒಪ್ಪಂದದಲ್ಲಿ ಸುಮ್ಮನಿದ್ದರೆ 'ಇಲ್ಲ' ಎಂದರ್ಥ, ಐಎಂಒದಲ್ಲಿ ಸುಮ್ಮನಿದ್ದರೆ 'ಹೌದು' ಎಂದರ್ಥ. ಪರಿಣಾಮ ಕಣ್ಣಿಗೆ ಕಾಣುವಂತಿತ್ತು. 2007-08ರಲ್ಲಿ 46,000ದ ಆಸುಪಾಸಿನಲ್ಲಿದ್ದ ಪ್ರವಾಸಿಗರ ಸಂಖ್ಯೆ 2011-12ರಲ್ಲಿ 27,000ದ ಒಳಗೆ ಇಳಿಯಿತು. ಜಾಗತಿಕ ಆರ್ಥಿಕ ಹಿಂಜರಿತವೂ ಅದಕ್ಕೆ ಕಾರಣ, ಆದರೆ ಭಾರಿ ಇಂಧನದ ದೊಡ್ಡ ಹಡಗುಗಳು ದೂರ ಸರಿದದ್ದು ಮುಖ್ಯ ಕಾರಣಗಳಲ್ಲೊಂದು. ಆಮೇಲೆ ಅವೇ ಕಂಪನಿಗಳು ಹಗುರ ಇಂಧನದೊಂದಿಗೆ ಮರಳಿದವು.

2017ರ ಜನವರಿ 1ರಂದು ಜಾರಿಗೆ ಬಂದ ಪೋಲಾರ್ ಕೋಡ್ ಕೂಡ ಐಎಂಒದ್ದೇ. ಹಡಗಿನ ಒಡಲು, ಜೀವರಕ್ಷಕ ಸಲಕರಣೆ, ಸಿಬ್ಬಂದಿಯ ತರಬೇತಿ ಹೇಗಿರಬೇಕೆಂದು ಅದು ಹೇಳುತ್ತದೆ. ಆದರೆ ಐಎಂಒದ ಅಧಿಕಾರ ಹಡಗಿನ ಅಂಚಿಗೆ ಮುಗಿಯುತ್ತದೆ. ದಡದ ಮೇಲೆ ಎಷ್ಟು ಜನ ನಿಲ್ಲಬಹುದು ಎಂದು ಅದು ಹೇಳಲಾರದು.

ಸದ್ಯಕ್ಕೆ ಕಾವಲಿಗಿರುವವರು ಉದ್ಯಮದವರೇ

1991ರಲ್ಲಿ ಏಳು ಕಂಪನಿಗಳು ಸೇರಿ ಅಂಟಾರ್ಕ್ಟಿಕ ಪ್ರವಾಸ ಸಂಸ್ಥೆಗಳ ಅಂತರರಾಷ್ಟ್ರೀಯ ಒಕ್ಕೂಟವನ್ನು ಕಟ್ಟಿಕೊಂಡವು. ಅದನ್ನು ಐಎಎಟಿಒ ಎನ್ನುತ್ತಾರೆ. ಕಾನೂನಾಗದೆ ನಿಂತಿರುವ 2009ರ ನಿಯಮದಲ್ಲಿರುವ 500, 100, 20 ಎಂಬ ಅಂಕಿಗಳನ್ನು ದಿನನಿತ್ಯ ಪಾಲಿಸುತ್ತಿರುವವರು ಇದರ ಸದಸ್ಯರು. ಯಾವ ಹಡಗು ಯಾವ ದಿನ ಯಾವ ತಾಣಕ್ಕೆ ಎಂದು ಋತು ಆರಂಭವಾಗುವ ಮೊದಲೇ ಹಂಚಿಕೊಳ್ಳುತ್ತಾರೆ. ತಿಮಿಂಗಿಲಗಳು ಸೇರುವ ಕಡೆ ವೇಗ ತಗ್ಗಿಸುವ ವಲಯಗಳನ್ನು ಗುರುತಿಸಿಕೊಂಡಿದ್ದಾರೆ.

ಒಂದು ಇಳಿಯುವಿಕೆಯನ್ನು ಹತ್ತಿರದಿಂದ ನೋಡಿದರೆ ಶಿಸ್ತು ಎಷ್ಟಿದೆ ಎಂದು ತಿಳಿಯುತ್ತದೆ. ಇಳಿಯುವ ಮುನ್ನ ಪ್ರಯಾಣಿಕರ ಹೊರ ಉಡುಪು, ಚೀಲ, ಕ್ಯಾಮೆರಾದ ಹೊದಿಕೆ ಎಲ್ಲವನ್ನೂ ತಪಾಸಣೆ ಮಾಡುತ್ತಾರೆ. ಜೇಬಿನ ಮೂಲೆಗಳಿಗೆ ವ್ಯಾಕ್ಯೂಮ್ ಹಿಡಿಯುತ್ತಾರೆ. ವೆಲ್ಕ್ರೋ ಪಟ್ಟಿಯ ಗರಿಗಳಲ್ಲಿ ಸಿಕ್ಕಿಕೊಂಡ ಹುಲ್ಲಿನ ಬೀಜವನ್ನು ಚಿಮುಟದಿಂದ ಒಂದೊಂದಾಗಿ ಕೀಳುತ್ತಾರೆ. ಬೂಟಿನ ತಳದ ಗೀರುಗಳಿಂದ ಮಣ್ಣು ತೆಗೆದು, ಸೋಂಕುನಾಶಕ ದ್ರಾವಣದ ತಟ್ಟೆಯಲ್ಲಿ ಅದ್ದಿ, ಆಮೇಲೆ ದೋಣಿಗೆ ಹತ್ತಿಸುತ್ತಾರೆ. ಮರಳಿ ಬಂದಾಗ ಮತ್ತೆ ಅದೇ ಕ್ರಮ. ಪೆಂಗ್ವಿನ್‌ಗಳಿಂದ ಐದು ಮೀಟರ್ ದೂರ ನಿಲ್ಲಬೇಕು; ಹಕ್ಕಿಯೇ ನಡೆದು ಬಂದರೆ ಮನುಷ್ಯರು ದಾರಿ ಬಿಡಬೇಕು. ಹಕ್ಕಿಜ್ವರ ಹರಡಿದ ಮೇಲೆ ನೆಲದ ಮೇಲೆ ಕೂರುವುದು, ಮಂಡಿಯೂರುವುದು, ಚೀಲ ಇಡುವುದು ಕೂಡ ಬೇಡವೆಂದಾಗಿದೆ.

ಇದು ತೋರಿಕೆಯ ಎಚ್ಚರವಲ್ಲ. 2007-08ರ ಋತುವಿನಲ್ಲಿ ಅಂಟಾರ್ಕ್ಟಿಕಕ್ಕೆ ಹೋದವರ ಬಟ್ಟೆಬರೆಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು, ಬೀಜ ಹೊತ್ತು ತಂದವರಲ್ಲಿ ತಲೆಗೆ ಸರಾಸರಿ 9ಕ್ಕೂ ಹೆಚ್ಚು ಬೀಜಗಳನ್ನು ಕಂಡಿದ್ದರು. ತಲೆವಾರು ಲೆಕ್ಕದಲ್ಲಿ ಪ್ರವಾಸಿಗರಿಗಿಂತ ವಿಜ್ಞಾನಿಗಳು ಮತ್ತು ಸಿಬ್ಬಂದಿಯೇ ಹೆಚ್ಚು ಬೀಜ ತಂದಿದ್ದರು ಎಂಬುದನ್ನೂ ಆ ಅಧ್ಯಯನ ಮುಚ್ಚಿಡಲಿಲ್ಲ. ಕಿಂಗ್ ಜಾರ್ಜ್ ದ್ವೀಪದ ಪೋಲೆಂಡ್ ನೆಲೆಯ ಸುತ್ತ ಹೊರಗಿನ ಹುಲ್ಲೊಂದು ದಶಕಗಳಿಂದ ಬೇರುಬಿಟ್ಟಿದೆ. ತಾಪ ಏರಿದಷ್ಟೂ ಹೊರಗಿನ ಬೀಜಕ್ಕೆ ಹದವಾದ ನೆಲ ಹೆಚ್ಚುತ್ತದೆ.

ಹಾಗಾದರೆ ಸ್ವಯಂ ನಿಯಂತ್ರಣ ಸಾಕಲ್ಲವೇ? ಇಲ್ಲಿಯವರೆಗೆ ಅದು ಬಹುಮಟ್ಟಿಗೆ ಕೆಲಸ ಮಾಡಿದೆ ಎಂದು ಒಪ್ಪಬೇಕು. ಆದರೆ ಒಕ್ಕೂಟದ ನಿಯಮ ಅದರ ಸದಸ್ಯರಿಗೆ ಮಾತ್ರ. ನಾಳೆ ದೊಡ್ಡ ಕಂಪನಿಯೊಂದು ಹೊರಗೇ ಉಳಿದು ಹಡಗು ಕಳಿಸಿದರೆ ಒಕ್ಕೂಟ ಏನೂ ಮಾಡಲಾರದು. ಇನ್ನೊಂದು ಮಾತು: ಮಿತಿ ಹಾಕಿರುವುದು ಒಂದು ಹಡಗಿಗೆ, ಹಡಗುಗಳ ಒಟ್ಟು ಸಂಖ್ಯೆಗಲ್ಲ. 200 ಪ್ರಯಾಣಿಕರನ್ನು ಮೀರಿದ ಹಡಗುಗಳಿಗೆ ಕೆಲವು ತಾಣಗಳು ಸಿಗುವುದಿಲ್ಲವಾದ್ದರಿಂದ ಕಂಪನಿಗಳು ಸರಿಯಾಗಿ 199 ಪ್ರಯಾಣಿಕರ ಹಡಗುಗಳನ್ನು ಕಟ್ಟಿಸಿದವು. ನಿಯಮದ ಅಕ್ಷರ ಪಾಲನೆಯಾಯಿತು, ಹಡಗುಗಳು ಹೆಚ್ಚಾದವು. ಬೆಳಿಗ್ಗೆ ಒಂದು ಹಡಗು ಹೋದ ಮೇಲೆ ಮಧ್ಯಾಹ್ನ ಇನ್ನೊಂದು ಬಂದರೆ, ದಡದ ಮೇಲೆ ಒಮ್ಮೆಗೆ 100 ಜನರೇ ಇದ್ದರೂ ಪೆಂಗ್ವಿನ್‌ಗೆ ಬಿಡುವು ಸಿಗುವುದಿಲ್ಲ. ತನ್ನ ಸದಸ್ಯರ ಬೆಳವಣಿಗೆಗೆ ತಾನೇ ತಡೆ ಹಾಕುವಂತೆ ಉದ್ಯಮದ ಒಕ್ಕೂಟವನ್ನು ಕೇಳುವುದು ಹೆಚ್ಚೇ ಆಯಿತು; ಅದು ಸರ್ಕಾರಗಳ ಕೆಲಸ.

ಬೂಟು ತೊಳೆಯುವುದರಿಂದ ತಡೆಯಲಾಗದ ಹಾನಿಯೂ ಇದೆ. ಹಡಗಿನ ಹೊಗೆಯ ಮಸಿ ಹಿಮದ ಮೇಲೆ ಕೂತಾಗ ಬಿಳುಪು ಮಾಸಿ, ಬಿಸಿಲನ್ನು ಹೆಚ್ಚು ಹೀರಿ ಹಿಮ ಬೇಗ ಕರಗುತ್ತದೆ. 2016ರಿಂದ 2020ರ ನಡುವೆ ಬಂದ ಪ್ರತಿ ಪ್ರವಾಸಿಯ ಪಾಲಿನ ಮಸಿ ಸುಮಾರು 83 ಟನ್ ಹಿಮದ ಕರಗುವಿಕೆಯನ್ನು ಚುರುಕುಗೊಳಿಸಿತು ಎಂದು 2022ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿದೆ. ಅದು ಪರ್ಯಾಯದ್ವೀಪದ ತಾಣಗಳ ಸುತ್ತಲಿನ ಹಿಮದ ಲೆಕ್ಕ. ಈ ಮಸಿಗೆ ಸಂಶೋಧನಾ ನೆಲೆಗಳ ಜನರೇಟರ್‌ಗಳೂ ಕಾರಣ.

ಅವಘಡವಾದರೆ ಓಡಿಬರುವವರು ಯಾರು?

1969ರ ಆ ಮೊದಲ ಹಡಗು, ಆಮೇಲೆ 'ಎಕ್ಸ್‌ಪ್ಲೋರರ್' ಎಂದು ಹೆಸರಾದದ್ದು, 2007ರ ನವೆಂಬರ್ 23ರಂದು ಸೌತ್ ಶೆಟ್‌ಲ್ಯಾಂಡ್ ದ್ವೀಪಗಳ ಬಳಿ ಮಂಜುಗಡ್ಡೆಗೆ ಬಡಿದು ಮುಳುಗಿತು. ಅದರಲ್ಲಿದ್ದ 154 ಜನರೂ ಬದುಕಿದರು. ಗಂಟೆಗಟ್ಟಲೆ ತೆರೆದ ದೋಣಿಗಳಲ್ಲಿ ಕೂತಿದ್ದ ಅವರನ್ನು ಅಲ್ಲೇ ಹತ್ತಿರವಿದ್ದ ನಾರ್ವೆಯ ಪ್ರವಾಸಿ ಹಡಗೊಂದು ಎತ್ತಿಕೊಂಡಿತು. ಅಂದು ಕಡಲು ಶಾಂತವಾಗಿತ್ತು. ಎರಡರಲ್ಲಿ ಒಂದು ತಪ್ಪಿದ್ದರೂ ಕಥೆ ಬೇರೆಯೇ ಆಗುತ್ತಿತ್ತು. ಹಡಗಿಗೆ ಲೈಬೀರಿಯಾದ ಧ್ವಜವಿತ್ತು, ಅಂದರೆ ಅದು ನೋಂದಣಿಯಾದದ್ದು ಅಲ್ಲಿ. ಲೈಬೀರಿಯಾ ಅಂಟಾರ್ಕ್ಟಿಕ ಒಪ್ಪಂದದಲ್ಲೇ ಇಲ್ಲ.

2013ರ ಡಿಸೆಂಬರ್‌ನಲ್ಲಿ ರಷ್ಯಾದ 'ಅಕಾಡೆಮಿಕ್ ಶೊಕಾಲ್ಸ್ಕಿ' ಪೂರ್ವ ಅಂಟಾರ್ಕ್ಟಿಕದ ಹಿಮದಲ್ಲಿ ಸಿಕ್ಕಿಕೊಂಡಾಗ ಚೀನಾದ ಹಿಮಭೇದಕದ ಹೆಲಿಕಾಪ್ಟರ್ 52 ಜನರನ್ನು ಆಸ್ಟ್ರೇಲಿಯಾದ ಹಡಗಿಗೆ ದಾಟಿಸಿತು. ಆ ಆಸ್ಟ್ರೇಲಿಯನ್ ಹಡಗು ಸಂಶೋಧನಾ ನೆಲೆಗೆ ಸರಕು ಇಳಿಸುವ ಕೆಲಸ ಬಿಟ್ಟು ಬಂದಿತ್ತು. ಇಲ್ಲಿ ರಕ್ಷಣೆಗೆಂದೇ ಯಾರೂ ಕಾದು ಕೂತಿರುವುದಿಲ್ಲ. ಬರುವವರು ವಿಜ್ಞಾನದ ಕೆಲಸವನ್ನು ಅರ್ಧಕ್ಕೆ ಬಿಟ್ಟು ಬರುತ್ತಾರೆ.

ಉತ್ತರದಲ್ಲೂ ಇದೇ. 2023ರ ಸೆಪ್ಟೆಂಬರ್ 11ರಂದು 'ಓಷನ್ ಎಕ್ಸ್‌ಪ್ಲೋರರ್' ಎಂಬ ಐಷಾರಾಮಿ ಹಡಗು 206 ಜನರೊಂದಿಗೆ ಈಶಾನ್ಯ ಗ್ರೀನ್‌ಲ್ಯಾಂಡಿನ ಆಲ್ಪೆಫ್ಯೋರ್ಡ್‌ನಲ್ಲಿ ನೆಲಕ್ಕೆ ಕಚ್ಚಿಕೊಂಡಿತು. ಡೆನ್ಮಾರ್ಕಿನ ನೌಕಾ ಹಡಗು ದಿನಗಳ ದೂರದಲ್ಲಿತ್ತು. ಮೂರು ದಿನಗಳ ನಂತರ ಮೀನುಗಾರಿಕಾ ಸಂಶೋಧನೆಯ ಹಡಗೊಂದು ಅದನ್ನು ಎಳೆದು ಬಿಡಿಸಿತು.

ಹಿಮ ಕಡಿಮೆಯಾದರೆ ಅಪಾಯವೂ ಕಡಿಮೆ ಎಂದು ಅನಿಸುವುದು ಸಹಜ. ಆಗುವುದು ಬೇರೆ. 2023ರ ಫೆಬ್ರವರಿಯಲ್ಲಿ ಅಂಟಾರ್ಕ್ಟಿಕದ ಸಾಗರಹಿಮ ಸುಮಾರು 17.9 ಲಕ್ಷ ಚದರ ಕಿಲೋಮೀಟರ್‌ಗೆ, ಉಪಗ್ರಹ ದಾಖಲೆಯಲ್ಲೇ ಅತಿ ಕಡಿಮೆ ಮಟ್ಟಕ್ಕೆ ಇಳಿಯಿತು. ಹಿಮ ಸರಿದಂತೆ ಹಡಗುಗಳು ಮೊದಲು ಹೋಗಲಾಗದಿದ್ದ ಕೊಲ್ಲಿಗಳಿಗೆ ನುಗ್ಗುತ್ತವೆ. ನಿನ್ನೆಯವರೆಗೆ ಹಿಮನದಿ ಮುಚ್ಚಿದ್ದ ಕೊಲ್ಲಿಯ ತಳವನ್ನು ಯಾರೂ ಅಳೆದಿರುವುದಿಲ್ಲ. ನಕ್ಷೆಯಲ್ಲಿ ಖಾಲಿ ಬಿಟ್ಟ ಜಾಗ ಆಳವಾದ ನೀರೆಂದು ಅರ್ಥವಲ್ಲ.

ಒಡೆಯರಿರುವ ಕಡೆ ಏನು ನಡೆಯುತ್ತದೆ?

ಅದೇ ಯಾನದ ಮುಂದಿನ ನಿಲ್ದಾಣ ಸೌತ್ ಜಾರ್ಜಿಯಾ. ಅರ್ಜೆಂಟೀನಾದ ತಕರಾರಿದ್ದರೂ ಆಡಳಿತ ಬ್ರಿಟನ್ನಿನ ಕೈಯಲ್ಲಿದೆ. ತಿಮಿಂಗಿಲ ಬೇಟೆಯ ಕಾಲದಲ್ಲಿ ಹಡಗುಗಳೊಂದಿಗೆ ಬಂದ ಇಲಿಗಳು ಅಲ್ಲಿಯ ನೆಲಗೂಡಿನ ಹಕ್ಕಿಗಳನ್ನು ತಿಂದು ಮುಗಿಸುತ್ತಿದ್ದವು. ಹೆಲಿಕಾಪ್ಟರ್‌ನಿಂದ ವಿಷದ ಆಹಾರ ಚೆಲ್ಲಿ, ಮೂಸುನಾಯಿಗಳಿಂದ ಮೂಲೆಮೂಲೆ ಶೋಧಿಸಿ, 2018ರ ಮೇ ತಿಂಗಳಲ್ಲಿ ದ್ವೀಪ ಇಲಿಮುಕ್ತವೆಂದು ಘೋಷಿಸಲಾಯಿತು. ಇಷ್ಟು ದುಡ್ಡು, ಬೆವರು ಸುರಿಸಿದವರು ಬಂದವರನ್ನೆಲ್ಲ ಸುಮ್ಮನೆ ಒಳಗೆ ಬಿಡುವುದಿಲ್ಲ. ಪ್ರವೇಶಕ್ಕೆ ಪರವಾನಗಿ, ಶುಲ್ಕ ಎರಡೂ ಇವೆ. ಅಧಿಕಾರಿಗಳು ಹಡಗಿಗೇ ಬಂದು ಪ್ರಯಾಣಿಕರ ಬೂಟು, ಬಟ್ಟೆ ನೋಡುತ್ತಾರೆ. ಕೊಳೆ ಕಂಡರೆ ಇಳಿಯಲು ಬಿಡದಿರುವ ಅಧಿಕಾರ ಅವರಿಗಿದೆ. 2023ರ ಅಕ್ಟೋಬರ್‌ನಲ್ಲಿ ಹಕ್ಕಿಜ್ವರ ದ್ವೀಪಕ್ಕೆ ಬಂದಾಗ ಕೆಲವು ತಾಣಗಳನ್ನು ಮುಚ್ಚಲು ಅವರು ಯಾರ ಒಮ್ಮತಕ್ಕೂ ಕಾಯಬೇಕಿರಲಿಲ್ಲ. ಆ ಸೋಂಕು ಬಂದದ್ದು ವಲಸೆ ಹಕ್ಕಿಗಳಿಂದ ಎಂಬುದನ್ನೂ ಹೇಳಬೇಕು. ಪ್ರವಾಸಿಗರ ತಲೆಗೆ ಅದನ್ನು ಕಟ್ಟುವುದು ಸರಿಯಲ್ಲ.

ಅಲ್ಲಿಂದ ಮುಂದೆ ಟ್ರಿಸ್ಟನ್ ಡ ಕುನ್ಹಾ. ಕೇಪ್‌ಟೌನ್‌ನಿಂದ ಸುಮಾರು 2,800 ಕಿಲೋಮೀಟರ್ ದೂರ, ವಿಮಾನ ನಿಲ್ದಾಣವಿಲ್ಲ, ಜನ 250ಕ್ಕೂ ಕಡಿಮೆ. ನೆಲ ಎಲ್ಲರ ಸಾಮುದಾಯಿಕ ಒಡೆತನದಲ್ಲಿದೆ. ಭೇಟಿಗೆ ದ್ವೀಪ ಮಂಡಳಿಯ ಅನುಮತಿ ಬೇಕು. ಪಕ್ಕದ ನೈಟಿಂಗೇಲ್, ಇನ್‌ಆಕ್ಸೆಸಿಬಲ್ ದ್ವೀಪಗಳಿಗೆ ದ್ವೀಪವಾಸಿ ಮಾರ್ಗದರ್ಶಿ ಇಲ್ಲದೆ ಇಳಿಯುವಂತಿಲ್ಲ. 2011ರ ಮಾರ್ಚ್‌ನಲ್ಲಿ ಸೋಯಾ ಹೊತ್ತ 'ಓಲಿವಾ' ಎಂಬ ಸರಕು ಹಡಗು ನೈಟಿಂಗೇಲ್ ದ್ವೀಪದ ಬಂಡೆಗೆ ಅಪ್ಪಳಿಸಿ ಒಡೆದಾಗ ಸಾವಿರಾರು ರಾಕ್‌ಹಾಪರ್ ಪೆಂಗ್ವಿನ್‌ಗಳು ತೈಲದಲ್ಲಿ ಮಿಂದವು. ಕೇಪ್‌ಟೌನ್‌ನಿಂದ ಟಗ್ ಬರುವಷ್ಟರಲ್ಲಿ ಹಡಗು ಎರಡು ತುಂಡಾಗಿತ್ತು. ಹಕ್ಕಿಗಳನ್ನು ಹಿಡಿದು ತೊಳೆದವರು ಊರಿನ ಜನ. ಓಲಿವಾದ ಸಿಬ್ಬಂದಿಯಲ್ಲಿ ಕೆಲವರನ್ನು ಬದುಕಿಸಿದ್ದು ಆ ಹೊತ್ತಿಗೆ ಅಲ್ಲಿದ್ದ ಪ್ರವಾಸಿ ಹಡಗಿನ ಜೋಡಿಯಾಕ್‌ಗಳು ಎಂಬುದೂ ನಿಜವೇ. ದ್ವೀಪದವರು ಪ್ರವಾಸಿಗರನ್ನು ಬೇಡ ಎಂದಿಲ್ಲ. ಕರಕುಶಲ ವಸ್ತು, ಅಂಚೆಚೀಟಿಗಳ ಮಾರಾಟದಿಂದ ನಾಲ್ಕು ಕಾಸು ಬರುತ್ತದೆ. ಯಾವಾಗ, ಎಷ್ಟು ಜನ, ಯಾರ ಜೊತೆ ಎಂಬುದನ್ನು ಮಾತ್ರ ತಮ್ಮ ಕೈಯಲ್ಲಿಟ್ಟುಕೊಂಡಿದ್ದಾರೆ.

ಸ್ವಾಲ್ಬಾರ್ಡ್‌ನ ಹೊಸ ನಿಯಮವೂ ಇದೇ ಜಾತಿಯದು. ಸಂರಕ್ಷಿತ ಪ್ರದೇಶಗಳಲ್ಲಿ ಹಡಗಿಗೆ ಗರಿಷ್ಠ 200 ಪ್ರಯಾಣಿಕರು. ಅಲ್ಲಿ ಇಳಿಯಲು ಗುರುತಿಸಿದ 43 ತಾಣಗಳು ಮಾತ್ರ. ಹಿಮಕರಡಿಯಿಂದ ಕನಿಷ್ಠ 300 ಮೀಟರ್ ದೂರ, ಮಾರ್ಚ್‌ನಿಂದ ಜೂನ್‌ವರೆಗೆ 500 ಮೀಟರ್. ಜೋಡಿಯಾಕ್ ಎಲ್ಲೆಂದರಲ್ಲಿ ಇಳಿಸಬಹುದಾದ್ದರಿಂದ, ಎಲ್ಲಿ ಇಳಿಸಬಾರದು ಎಂದು ಪಟ್ಟಿ ಮಾಡುವ ಬದಲು ಎಲ್ಲಿ ಇಳಿಸಬಹುದು ಎಂದು ಪಟ್ಟಿ ಮಾಡಿದರು. ಸಣ್ಣ ಹಡಗಿನ ಮಾರ್ಗದರ್ಶಕರು ಇದನ್ನು ವಿರೋಧಿಸಿದರು: ಹರಡಿಹೋಗುತ್ತಿದ್ದ ಜನರನ್ನು 43 ಜಾಗಗಳಿಗೆ ಗುಡ್ಡೆ ಹಾಕಿದಂತಾಗುತ್ತದೆ, ಹನ್ನೆರಡು ಜನರ ದೋಣಿಗೂ 200 ಜನರ ಹಡಗಿಗೂ ಒಂದೇ ಅಳತೆ ಸರಿಯೇ ಎಂಬುದು ಅವರ ವಾದ. ಅದರಲ್ಲಿ ತಥ್ಯವಿದೆ. ಆದರೂ ವಾದ ಮುಗಿದ ಮೇಲೆ ನಿಯಮ ಜಾರಿಯಾಯಿತು, ಏಕೆಂದರೆ ತೀರ್ಮಾನಿಸುವವರು ಒಬ್ಬರಿದ್ದರು.

ಮುಂದೇನಾಗಬಹುದು?

ಪ್ರವಾಸದ ಪರವಾಗಿ ಹೇಳುವ ದೊಡ್ಡ ಮಾತು ಎಂದರೆ, ಹೋಗಿ ನೋಡಿದವರು ಆ ನೆಲದ ರಾಯಭಾರಿಗಳಾಗುತ್ತಾರೆ ಎಂಬುದು. ಕೆಲವರು ಆಗುವುದೂ ಉಂಟು. ತಿಮಿಂಗಿಲದ ಬಾಲದ ಚಿತ್ರಗಳನ್ನು ಕಳಿಸಿ ಪ್ರವಾಸಿಗರು ಸಂಶೋಧನೆಗೆ ನೆರವಾಗುತ್ತಿದ್ದಾರೆ, ಹಡಗುಗಳು ವಿಜ್ಞಾನಿಗಳನ್ನು ಹೊತ್ತೊಯ್ಯುತ್ತವೆ. ಆದರೆ ಒಂದು ಲಕ್ಷಕ್ಕೂ ಹೆಚ್ಚು ಜನರ ಭೇಟಿಯನ್ನು ಸಮರ್ಥಿಸಲು ಈ ಮಾತು ಸಾಲದು. ರಾಯಭಾರಿಗಳ ಸಂಖ್ಯೆಯ ಜೊತೆಗೆ ಹಿಮದ ಆಯಸ್ಸು ಹೆಚ್ಚಾದದ್ದಕ್ಕೆ ಪುರಾವೆಯಿಲ್ಲ.

ಪೂರ್ಣ ನಿಷೇಧ ಬರುವ ಲಕ್ಷಣ ಕಾಣುತ್ತಿಲ್ಲ. ಒಮ್ಮತದ ಪದ್ಧತಿಯಲ್ಲಿ ಅದು ಹೆಚ್ಚುಕಡಿಮೆ ಅಸಾಧ್ಯ. ಒಟ್ಟು ಸಂಖ್ಯೆಗೆ ಮಿತಿ ಹಾಕಿದರೆ ಹಂಚಿಕೆ ಹೇಗೆ ಎಂಬ ಜಗಳ ಶುರುವಾಗುತ್ತದೆ. ಹರಾಜು ಹಾಕಿದರೆ ಟಿಕೆಟ್ ಬೆಲೆ ಇನ್ನೂ ಏರಿ ಅತಿ ಶ್ರೀಮಂತರಷ್ಟೇ ಹೋಗುವಂತಾಗುತ್ತದೆ. ದೇಶಗಳಿಗೆ ಪಾಲು ಹಂಚಿದರೆ ಹಳೆಯ ಕಂಪನಿಗಳಿರುವ ದೇಶಗಳಿಗೆ ಲಾಭ. ಹೆಚ್ಚು ಸಾಧ್ಯವಾಗಿ ಕಾಣುವುದು ಸಣ್ಣ ಹೆಜ್ಜೆಗಳು: ಕೆಲವು ತಾಣಗಳನ್ನು ಮೊಟ್ಟೆಯಿಡುವ ವಾರಗಳಲ್ಲಿ ಮುಚ್ಚುವುದು, ದಿನಕ್ಕೆ ಇಷ್ಟೇ ಭೇಟಿ ಎನ್ನುವುದು, ಸ್ಕೀಯಿಂಗ್, ಸಬ್‌ಮರಿನ್, ಹೆಲಿಕಾಪ್ಟರ್‌ಗಳಂಥ ಹೊಸ ಚಟುವಟಿಕೆಗಳಿಗೆ ಮೊದಲೇ ಒಪ್ಪಿಗೆ ಪಡೆಯಬೇಕೆನ್ನುವುದು. ಪ್ರತಿ ದೇಶವೂ ತನ್ನ ಕಂಪನಿಗಳಿಗೆ ತನ್ನದೇ ಕಾನೂನಿನಲ್ಲಿ ಷರತ್ತು ಹಾಕಬಹುದು. ಭಾರತವೂ 2022ರಲ್ಲಿ ಅಂಟಾರ್ಕ್ಟಿಕ ಕಾಯ್ದೆ ಮಾಡಿಕೊಂಡು ಪರವಾನಗಿಯ ವ್ಯವಸ್ಥೆ ತಂದಿದೆ. ಅದಕ್ಕೆ ಯಾರ ಒಮ್ಮತವೂ ಬೇಕಿಲ್ಲ. ಅಪಾಯವೆಂದರೆ, ಒಂದು ದೇಶ ಬಿಗಿ ಮಾಡಿದರೆ ಕಂಪನಿ ಸಡಿಲವಾಗಿರುವ ಇನ್ನೊಂದು ದೇಶದಲ್ಲಿ ಕಚೇರಿ ತೆರೆಯುತ್ತದೆ.

ಮುಂದಿನ ಸುದ್ದಿಯನ್ನು ಓದುವಾಗ ಒಂದು ಪದವನ್ನು ಗಮನಿಸಬೇಕು. ಒಪ್ಪಂದದ ಸಭೆಗಳು ಮೂರು ಬಗೆಯ ತೀರ್ಮಾನ ಹೊರಡಿಸುತ್ತವೆ. 'ರೆಸಲ್ಯೂಷನ್' ಎಂದರೆ ಬರೀ ಸಲಹೆ. ಪಾಲಿಸದಿದ್ದರೆ ಯಾರೂ ಕೇಳುವಂತಿಲ್ಲ. 'ಡಿಸಿಷನ್' ಎಂದರೆ ಸಭೆಯ ಒಳಗಿನ ಕೆಲಸಕಾರ್ಯದ ವ್ಯವಸ್ಥೆ. 'ಮೆಷರ್' ಒಂದೇ ದೇಶಗಳನ್ನು ಕಟ್ಟಿಹಾಕಬಲ್ಲದ್ದು, ಅದೂ ಎಲ್ಲ ದೇಶಗಳ ಅನುಮೋದನೆ ಸೇರಿದ ಮೇಲೆ. ಒಪ್ಪಂದದ ಸಚಿವಾಲಯ ಪ್ರತಿ ಮೆಷರ್‌ಗೂ ಯಾವ ದೇಶ ಅನುಮೋದಿಸಿದೆ, ಯಾವುದು ಇಲ್ಲ ಎಂಬ ಪಟ್ಟಿಯನ್ನು ಸಾರ್ವಜನಿಕವಾಗಿ ಇಟ್ಟಿರುತ್ತದೆ. 2009ರ ಮೆಷರ್ 15ರ ಪಟ್ಟಿಯಲ್ಲಿ ಖಾಲಿ ಸಾಲುಗಳು ಇನ್ನೂ ಹಾಗೇ ಇವೆ.